ಪೇಷಂಟ್ ಏಜೆಂಟ್ ನಮ್ಮ ಖಾಲಾ

ನಮ್ಮದು ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯ ಮನೆ. ಒಂದು ಹಿಡಿ ಅಕ್ಕಿಯನ್ನು ಬಿಸಿ ಮರಳಿಗೆ ಹಾಕಿ ಒಂದು ಮೊರ ಮಾಡಿ ತೆಗೆಯುವುದು ಅಬ್ಬಾನ ಕಸುಬು, ಅವರ ಅಬ್ಬಾನ ಕಸುಬು. ಹಾಗಾಗಿ ನಾನು ಹೇಳುವುದರಲ್ಲಿ ಅಲ್ಲಲ್ಲಿ ಉಬ್ಬಿದ್ದು ಕಂಡರೆ ಸಿಟ್ಟಾಗಬೇಡಿ. ಒಳಗೆ ಅಕ್ಕಿ ಇದ್ದೇ ಇರುತ್ತದೆ.

ಖಾಲಾ ಅಂದರೆ ಅಮ್ಮಿಯ ತಂಗಿ, ನಮ್ಮ ಜೊತೆಗೇ ಇರುವವಳು. ಓದಿದ್ದು ಮಾಲಿಕ್ಯುಲರ್ ಬಯಾಲಜಿ, ಅದೂ ಪಿಎಚ್.ಡಿ.ವರೆಗೆ. ಆ ಹೆಸರನ್ನು ಅಮ್ಮಿಯ ತಾಯಿ, ನಮ್ಮ ನಾನಿ, ಒಮ್ಮೆಯೂ ದಡ ಮುಟ್ಟಿಸಿದವಳಲ್ಲ. "ಮಾಲಿಕ್" ಅನ್ನುವವರೆಗೆ ಧೈರ್ಯವಾಗಿ ಹೋಗಿ, "ಅದೇ, ಮಾಲಿಕರು ಓದೋ ಅಂಥದ್ದು ಏನೋ ಓದ್ಯಾಳೆ" ಎಂದು ವೀಳ್ಯದೆಲೆ ಬಾಯಿಗೆ ಹಾಕಿಕೊಂಡುಬಿಡುತ್ತಿದ್ದಳು. ಹರಿಹರದ ರಸ್ತೆಯಲ್ಲಿದ್ದ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ಖಾಲಾಗೆ ಕೆಲಸ. ಮೆಕ್ಕೆಜೋಳದ ಎಲೆ ಅರೆದು, ಅದರ ಡಿಎನ್‌ಎ ತೆಗೆದು, ಬೀಜ ಅಸಲಿಯೋ ನಕಲಿಯೋ ಹೇಳಬೇಕು. ಅದಕ್ಕೊಂದು ಬಿಳಿ ಕೋಟು. ಆ ಕೋಟು ನಮ್ಮ ಮನೆ ಮುಂದಿನ ತಂತಿಯ ಮೇಲೆ ಒಣಗುತ್ತಿದ್ದುದರಿಂದ ಇಡೀ ಓಣಿ ಅವಳನ್ನು ಡಾಕ್ಟರು ಎಂದು ತೀರ್ಮಾನಿಸಿಬಿಟ್ಟಿತ್ತು. ಹೆಸರಿನ ಹಿಂದೆ ಡಾಕ್ಟರ್ ಅಂತ ಇದ್ದದ್ದೂ ಸುಳ್ಳಲ್ಲವಲ್ಲ. ಜ್ವರ ಬಂದ ಮಕ್ಕಳನ್ನು ಎತ್ತಿಕೊಂಡು ಬಂದವರಿಗೆ ಖಾಲಾ, "ನಾನು ಜೋಳದ ಡಾಕ್ಟ್ರು ಕಣ್ರಿ" ಎಂದು ಕೈಮುಗಿದು ಕಳಿಸುತ್ತಿದ್ದಳು.

ಹೋದ ವರ್ಷ ಒಂದು ದಿನ ಆ ಕೋಟನ್ನು ಮಡಚಿ ಟ್ರಂಕಿನಲ್ಲಿಟ್ಟಳು. ನಾನಿಗೆ ಗಾಬರಿ.

"ಯಾಕ ಬೇಟಿ? ಕೆಲ್ಸದಾಗೆ ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅಂದಿಲ್ಲ ಅಮ್ಮೀ. ನಾನೇ ಬಿಟ್ಟೆ. ಪರೀಕ್ಷೆ ಬರ್ದಿದ್ನಲ್ಲ, ಪಾಸಾತು. ಇನ್ಮ್ಯಾಲೆ ನಾನು ಪೇಟೆಂಟ್ ಏಜೆಂಟು."

ನಾನಿಗೆ ಒಂದು ಕಿವಿ ಸ್ವಲ್ಪ ಮಂದ. ಇನ್ನೊಂದು ಕಿವಿ ಚೆನ್ನಾಗಿದೆ, ಆದರೆ ಅದು ತನಗೆ ಬೇಕಾದ್ದನ್ನಷ್ಟೇ ಕೇಳುತ್ತದೆ. ಆ ದಿನ ಎರಡೂ ಸೇರಿ ಕೇಳಿಸಿಕೊಂಡದ್ದು "ಪೇಷಂಟ್ ಏಜೆಂಟು".

ನಮ್ಮೂರಲ್ಲಿ ಏಜೆಂಟ್ ಅನ್ನುವ ಪದಕ್ಕೆ ಮರ್ಯಾದೆ ಅಷ್ಟಕ್ಕಷ್ಟೆ. ಲೈಸೆನ್ಸ್ ಮಾಡಿಸಿಕೊಡುವವನೂ ಏಜೆಂಟು, ಸೈಟು ತೋರಿಸಿ ಬೇರೆಯವರ ಸೈಟು ಮಾರುವವನೂ ಏಜೆಂಟು. ಇನ್ನು ಪೇಷಂಟ್ ಏಜೆಂಟ್ ಅಂದರೆ, ಹಳ್ಳಿಯಿಂದ ಬಸ್ಸಿಳಿದವರ ತೋಳು ಹಿಡಿದು, "ಬರ್ರಿ, ನಮ್ಮ ಡಾಕ್ಟ್ರು ಅದಾರೆ, ಕೈ ಭಾಳ ಚಲೋ" ಎಂದು ಎಳೆದೊಯ್ಯುವವನು ಎಂದು ಓಣಿಯ ತಿಳಿವಳಿಕೆ. ಅಮ್ಮಿ ಮೂಲೆಯಲ್ಲಿ ಕೂತು ಅತ್ತಳು. ನಾನಿ ಅಳಲಿಲ್ಲ. ಅವಳಿಗೆ ಇದು ಭಾರೀ ಅಧಿಕಾರದ ಹುದ್ದೆಯಂತೆ ಕಂಡಿತು.

ನನಗೆ ಮಾತ್ರ ಪೇಟೆಂಟ್ ಎಂದರೆ ಏನೆಂದು ಗೊತ್ತಿತ್ತು. ಪಿಯುಸಿ ಸೈನ್ಸ್ ಹುಡುಗಿ, ಎರಡು ಅಂಕದ ಪ್ರಶ್ನೆಗೆ ಸಾಕಾಗುವಷ್ಟು ಗೊತ್ತಿತ್ತು: ಹೊಸದೊಂದನ್ನು ಕಂಡುಹಿಡಿದವರಿಗೆ ಕೆಲವು ವರ್ಷ ಅದರ ಮೇಲೆ ಸರ್ಕಾರ ಕೊಡುವ ಹಕ್ಕು. ಆದರೆ ಅದು ಪುಸ್ತಕದ ಮಾತು. ಅಷ್ಟು ಓದಿದವಳು ಸಂಬಳದ ಕೆಲಸ ಬಿಟ್ಟು, ಮಾಳಿಗೆಯ ಮೇಲೆ ಒಣಹಾಕಿದ ಭತ್ತದ ನಡುವೆ ಕೂತು, ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟುತ್ತಾಳೆ ಅಂದರೆ ಪೇಟೆಂಟ್ ಬರೀ ನೆಪ, ಒಳಗೆ ಬೇರೇನೋ ಇದೆ ಎಂದು ನನಗೆ ಖಾತ್ರಿಯಾಯಿತು. ಕಾಗೆ ಓಡಿಸುವ ನೆಪದಲ್ಲಿ ನಾನೂ ಮಾಳಿಗೆ ಹತ್ತಿದೆ. ಆ ವಾರ ನಮ್ಮ ಭತ್ತಕ್ಕೆ ಸಿಕ್ಕ ಕಾವಲು ಯಾವ ಬ್ಯಾಂಕಿಗೂ ಸಿಕ್ಕಿರಲಿಕ್ಕಿಲ್ಲ.

ನೀರಿನ ಟ್ಯಾಂಕಿನ ಹಿಂದೆ ಕೂತು ನಾನು ಕೇಳಿದ್ದನ್ನು ಹಾಗೇ ಹೇಳುತ್ತೇನೆ. ಇದರಲ್ಲಿ ಒಂದಕ್ಷರವೂ ಉಬ್ಬಿಸಿದ್ದಲ್ಲ.

"ಎಲ್ಲಾ ಸತ್ವಾ ಸರ್? ಒಂದೂ ಉಳೀಲಿಲ್ಲಾ? ಭಾಳ ಚಲೋ ಆತು ಬಿಡ್ರಿ!"

ಆ ಕಡೆಯಿಂದ ಏನೋ ಮಾತು. ಖಾಲಾ ನಕ್ಕಳು. ನನ್ನ ಬೆನ್ನಿನ ಮೇಲೆ ಇರುವೆ ಹರಿದ ಹಾಗಾಯಿತು. ಆಮೇಲೆ ನೋಡಿದರೆ ನಿಜಕ್ಕೂ ಇರುವೆಯೇ.

"ಹೂಂ ಸರ್. ನೀವು ಹೋಗ್ತಾವೆ ಅಂತ ಗುರ್ತು ಹಾಕಿದ್ದು ಹೋಗ್ಲೇಬೇಕು, ಆಗ್ಲೇ ಕ್ಲೇಮ್ ಗಟ್ಟಿ ಆಗೋದು. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಮತ್ತ. ಫೈಲ್ ಆಗೋ ತನಕ ಗಪ್‌ಚುಪ್."

ಕ್ಲೇಮ್ ಅನ್ನುವ ಪದ ನಮ್ಮ ಓಣಿಯಲ್ಲಿ ಹುಟ್ಟಿದ್ದು ಪಕ್ಕದ ಮನೆಯವರ ಲಗೇಜ್ ಆಟೋ ಪಲ್ಟಿಯಾದಾಗ. ವಿಮೆ ಎತ್ತುವುದಕ್ಕೆ ಕ್ಲೇಮ್ ಎನ್ನುತ್ತಾರೆ. ಸತ್ತವರು, ಕ್ಲೇಮು, ಗಪ್‌ಚುಪ್. ನಾನು ಲೆಕ್ಕ ಹಾಕಿದೆ. ನಮ್ಮ ಖಾಲಾ ಪೇಷಂಟುಗಳನ್ನು ಸೇರಿಸುತ್ತಾಳೆ, ಆ ಕಡೆಯ ಸರ್ ಗುರುತು ಹಾಕುತ್ತಾನೆ, ಗುರುತು ಹಾಕಿದವರು ಸಾಯುತ್ತಾರೆ, ಇಬ್ಬರೂ ವಿಮೆ ಎತ್ತುತ್ತಾರೆ. ಅಳಬೇಕೋ, ಗೆಳತಿಯರ ಮುಂದೆ ಕೊಚ್ಚಿಕೊಳ್ಳಬೇಕೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ನಾನಿ ತನ್ನ ದರ್ಬಾರು ಶುರು ಮಾಡಿದ್ದಳು. ಮದುವೆ, ಮುಂಜಿ, ಮೀನಿನ ಅಂಗಡಿ, ಎಲ್ಲಿ ಹೋದರೂ ಅದೇ ಮಾತು: "ಬೆಡ್ ಬೇಕಂದ್ರೆ ಹೇಳ್ರಿ, ನಮ್ಮ ಚಿಕ್ಕ ಮಗಳು ಈಗ ಪೇಷಂಟ್ ಏಜೆಂಟು." ಜನ ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇ ಹಿಡಿದು ನಮ್ಮ ಬಾಗಿಲಿಗೆ ಬರತೊಡಗಿದರು. ಹಿಂದಿನ ಓಣಿಯ ಒಬ್ಬಾಕೆ ಗಂಡನ ಬೆನ್ನುಮೂಳೆಯನ್ನೇ ಖಾಲಾನ ಕೈಗಿಟ್ಟಳು.

"ಇದನ್ನ ನನಗ್ಯಾಕ ತೋರಿಸ್ತೀರಿ ಆಪಾ?"

"ನಿಮ್ಮ ಅಮ್ಮಿ ಹೇಳ್ಯಾರೆ. ನೀವು ಒಂದು ಮಾತು ಅಂದ್ರೆ ಬೆಡ್ ಸಿಗ್ತೈತಂತೆ."

"ನಾನು ಬೆಡ್ ಕೊಡ್ಸೋಳಲ್ರಿ."

"ಗೊತ್ತೈತ್ ಬಿಡ್ರಿ, ಮೊದ್ಲು ಎಲ್ರೂ ಹಂಗೇ ಅಂತಾರೆ" ಎಂದು ಆಕೆ ಕಣ್ಣು ಮಿಟುಕಿಸಿ, ಎಕ್ಸ್‌ರೇ ಅಲ್ಲೇ ಬಿಟ್ಟು ಹೋದಳು.

ಖಾಲಾ ನಾನಿಯ ಮುಂದೆ ಕೂತು ಶಾಲೆಯ ಮಗುವಿಗೆ ಹೇಳುವ ಹಾಗೆ ಹೇಳಿದಳು. "ಟೆಂಟು ಅಮ್ಮೀ, ಟೆಂಟು. ಪೇ-ಟೆಂಟು."

"ಟೆಂಟಿನ್ಯಾಗೂ ಹಾಕ್ತಾರೇನು ಈಗ ಬೆಡ್ಡು?" ಎಂದಳು ನಾನಿ. "ಅಲ್ಲಾ! ಅಷ್ಟು ರಶ್ಶೇನು?"

ಖಾಲಾ ಎದ್ದು ಮಾಳಿಗೆಗೆ ಹೋದಳು. ನಾನು ಹಿಂದೆಯೇ ಹೋಗಿ, ಪೊಲೀಸರ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ಖಾಲಾ, ನಂಗೆಲ್ಲಾ ಗೊತ್ತೈತೆ. ಸತ್ತೋರು ಯಾರು ಹೇಳು."

ಅವಳು ಕೈಬೀಸಿ ಭತ್ತದ ಮೇಲಿನ ಕಾಗೆ ಓಡಿಸಿದಳು. "ನಾಡಿದ್ದು ಭಾನ್ವಾರ ನನ್ನ ಜೊತೆ ಹರಿಹರಕ್ಕೆ ಬಾ. ಸತ್ತೋರ ಮನೀಗೇ ಕರ್ಕಂಡ್ ಹೋಗ್ತೀನಿ."

ಬಸ್ಸಿನಲ್ಲಿ ಹರಿಹರದವರೆಗೂ ನಾನು ಭಯ ಹೋಗಲೆಂದು ಕುರಾನಿನ ಆಯತುಲ್ ಕುರ್ಸಿ ಹೇಳಿಕೊಳ್ಳುತ್ತ ಕೂತಿದ್ದೆ. ನದಿಯ ಕಡೆಗಿನ ಓಣಿಯಲ್ಲಿ ಒಂದು ಹಂಚಿನ ಮನೆ. ಅಲ್ಲೊಬ್ಬರು ಮೇಷ್ಟ್ರು, ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿ ರಿಟೈರ್ ಆದವರು. ಬಾಗಿಲನ್ನು ಒಂದು ಮೂಗು ಹಿಡಿಸುವಷ್ಟು ತೆರೆದು ನೋಡಿದರು.

"ಈ ಹುಡುಗಿ ಯಾರ್ರಿ? ಯಾವ ಕಂಪನಿ ಕಳ್ಸೈತೆ?"

"ನಮ್ಮಕ್ಕನ ಮಗಳು ಸರ್. ಇವಳು ಏನ್ ಹೇಳಿದ್ರೂ ಯಾರೂ ನಂಬಲ್ಲ, ಹೆದ್ರಬ್ಯಾಡ್ರಿ."

ಮೇಷ್ಟ್ರು ಆದರೂ ನನ್ನ ಫೋನ್ ಇಸಿದುಕೊಂಡು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟರು. ಆಮೇಲೆ ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಸಾಲಾಗಿ ಐಸ್‌ಕ್ರೀಮ್ ಕಪ್ಪುಗಳು, ಕಪ್ಪಿಗೊಂದೊಂದು ಭತ್ತದ ಸಸಿ. ಕೆಂಪು ದಾರ ಕಟ್ಟಿದ ಸಸಿಗಳೆಲ್ಲ ಸುಟ್ಟ ಹಾಗೆ ಒಣಗಿ ನಿಂತಿದ್ದವು.

"ಇವೇ ಸತ್ತೋರು" ಎಂದಳು ಖಾಲಾ. "ಸಲಾಂ ಹೇಳು."

ಮೇಷ್ಟ್ರು ಕಂಡುಹಿಡಿದದ್ದು ಒಂದು ಕಾಗದದ ಪಟ್ಟಿ. ಎಳೆಯ ಸಸಿಯ ಎಲೆ ಅರೆದು ಅವರು ಮಾಡಿದ ದ್ರಾವಣದಲ್ಲಿ ಕಲಸಿ ಪಟ್ಟಿ ಅದ್ದಿದರೆ, ಭತ್ತವನ್ನು ಸುಡುವ ಬೆಂಕಿ ರೋಗ ಕಣ್ಣಿಗೆ ಕಾಣುವ ಮೊದಲೇ ಒಂದು ಗೆರೆಯ ಪಕ್ಕ ಎರಡನೇ ಗೆರೆ ಮೂಡುತ್ತದೆ. ಎರಡು ಗೆರೆ ಬಂದ ಸಸಿಗೆ ಕೆಂಪು ದಾರ. ಕೆಂಪು ದಾರದ್ದೆಲ್ಲ ಸತ್ತರೆ ಪಟ್ಟಿ ಹೇಳಿದ್ದು ನಿಜ. ಖಾಲಾ ಖುಷಿಪಟ್ಟಿದ್ದು ಅದಕ್ಕೆ. ಕ್ಲೇಮ್ ಅಂದರೆ, ಈ ಪಟ್ಟಿಯಲ್ಲಿ ಹೊಸದು ಯಾವುದು, ತನ್ನದು ಎಲ್ಲಿಂದ ಎಲ್ಲಿಯವರೆಗೆ ಎಂದು ಬೇಲಿ ಹಾಕಿ ಬರೆಯುವ ಸಾಲುಗಳು. ಆ ಬೇಲಿ ಕಟ್ಟುವುದೇ ಖಾಲಾನ ಹೊಸ ಕೆಲಸ. ಕೊಲೆ ತಪ್ಪಿಹೋದದ್ದಕ್ಕೆ, ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಬೇಜಾರಾಯಿತು.

"ಇನ್ನೊಂದ್ಸಲ ಹೇಳ್ತೀನಿ ಸರ್" ಎಂದಳು ಖಾಲಾ ಹೊರಡುವಾಗ. "ಅರ್ಜಿ ಒಳಗೆ ಹೋಗೋಕ್ಕಿಂತ ಮೊದ್ಲು ನಾಕು ಜನರ ಮುಂದೆ ತೋರ್ಸಿದ್ರೋ, ಅದು ಹೊಸಾದಲ್ಲ ಅಂತ ಆಗ್ತೈತೆ. ಆಮ್ಯಾಲೆ ನಾನೂ ಏನೂ ಮಾಡಾಕಾಗಲ್ಲ. ಇವತ್ತೇ ಹಾಕೋಣ್ರಿ."

"ತಡೀರಿ, ಇನ್ನೊಂದಿಷ್ಟು ಸಸಿ ಸಾಯ್ಲಿ" ಎಂದರು ಮೇಷ್ಟ್ರು. ನನ್ನ ಫೋನನ್ನು ಡಬ್ಬಿಯಿಂದ ತೆಗೆದು, ಅದಕ್ಕಂಟಿದ ಅಕ್ಕಿಕಾಳನ್ನೂ ಬಿಡಿಸಿಕೊಂಡು ಕೊಟ್ಟರು.

ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೇಳಿದೆ. "ಅಲ್ಲ ಖಾಲಾ, ಬಿಳಿ ಕೋಟು ಎಷ್ಟು ಚೆನ್ನಾಗಿತ್ತು. ಇನ್ನೊಬ್ಬರ ಸಸಿಗೆ ಬೇಲಿ ಕಟ್ಟಾಕೆ ಯಾಕ ಬಂದೆ?"

"ಲ್ಯಾಬಿನ್ಯಾಗ ನಾನೂ ಒಂದು ಹೊಸಾದು ಕಂಡ್ಹಿಡ್ದಿದ್ದೆ. ಖುಷಿ ತಡೀಲಾರದೆ ಒಂದು ಸಮ್ಮೇಳನದಾಗೆ ದೊಡ್ಡ ಪೋಸ್ಟರ್ ಬರ್ದು ಗೋಡೆಗೆ ಅಂಟಿಸ್ದೆ. ಜನ ಊಟದ ತಟ್ಟೆ ಹಿಡ್ಕಂಡು ಬಂದು ಬಂದು ಫೋಟೋ ತಗಂಡ್ರು. ಆಮ್ಯಾಲೆ ಪೇಟೆಂಟ್ ಮಾಡ್ಸಾಕೆ ಒಬ್ರು ಏಜೆಂಟ್ ಹತ್ರ ಹೋದ್ರೆ, ನೀವೇ ಊರಿಗೆಲ್ಲ ಹೇಳೀರಲ್ಲಮ್ಮ, ಹೊಸಾದು ಏನು ಉಳೀತು ಅಂದ್ರು."

"ಬೈದ್ರಾ?"

"ಇಲ್ಲ. ಎಲ್ಲಿ ತಪ್ಪೈತೆ ಅಂತ ಸಾಲು ಸಾಲಾಗಿ ಬಿಡಿಸಿ ಹೇಳಿದ್ರು. ನನಗೆ ಅಳು ಬರೋದು ಬಿಟ್ಟು ಆ ಕೆಲ್ಸದ ಮ್ಯಾಲೇ ಮನ್ಸಾತು." ಮಿರ್ಚಿಯ ತೊಟ್ಟು ಎಸೆದಳು. "ಮೇಷ್ಟ್ರದ್ದು ನನ್ನ ಮೊದಲ್ನೇ ಅರ್ಜಿ. ಇದೂ ಹೋದ್ರೆ ಸುಮ್ನೆ ಕೋಟ್ ಹಾಕ್ಕಂತೀನಿ ಅಂತ ನಿಮ್ಮಮ್ಮಿಗೆ ಮಾತು ಕೊಟ್ಟೀನಿ."

ಮುಂದಿನ ತಿಂಗಳು ಸಾಕಷ್ಟು ಸಸಿಗಳು ಸತ್ತವು. ಖಾಲಾ ಅರ್ಜಿ ಬರೆದು ಮುಗಿಸಿದಳು. ಮೇಷ್ಟ್ರ ಒಂದು ಹೂಂ ಸಿಕ್ಕರೆ ಸಾಕು, ಕಂಪ್ಯೂಟರಿನಲ್ಲೇ ಕಳಿಸಿಬಿಡಬಹುದು. ಆದರೆ ಮೇಷ್ಟ್ರು ಫೋನ್ ಎತ್ತಲಿಲ್ಲ. ಎರಡು ದಿನ ಎತ್ತಲಿಲ್ಲ. ಖಾಲಾ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಹೊರಟಳು, ನಾನು ಕಾಲೇಜಿಗೆ ತಲೆನೋವು ಬರಿಸಿಕೊಂಡು ಬೆನ್ನು ಹತ್ತಿದೆ.

ಹರಿಹರದ ಮನೆಗೆ ಬೀಗ. ಎದುರು ಮನೆಯಾಕೆ ಅಕ್ಕಿ ಆರಿಸುತ್ತ ಹೇಳಿದರು, "ಮೇಷ್ಟ್ರು ನಂದಿಗುಡಿಗೆ ಹೋದ್ರಲ್ರಿ. ರೈತರ ಮೀಟಿಂಗಂತೆ. ಆ ಪಟ್ಟಿ ಡಬ್ಬಿ ತಗಂಡೇ ಹೋಗ್ಯಾರೆ."

ಖಾಲಾನ ಮುಖ ಟ್ರಂಕಿನಲ್ಲಿದ್ದ ಕೋಟಿಗಿಂತ ಬೆಳ್ಳಗಾಯಿತು.

ನಂದಿಗುಡಿಯ ಬಸ್ಸು ದಾರಿಯಲ್ಲಿ ಸಿಕ್ಕ ಪ್ರತಿಯೊಂದು ಎಮ್ಮೆಗೂ ಮರ್ಯಾದೆ ಕೊಟ್ಟು ನಿಂತು ನಿಂತು ಹೋಯಿತು. ಊರಿನ ಸಭಾಭವನದಲ್ಲಿ ಜನ ತುಂಬಿದ್ದರು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಡಬ್ಬಿಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನಮ್ಮನ್ನು ಕಂಡು ಡಬ್ಬಿಯನ್ನು ಎದೆಗೆ ಅವಚಿಕೊಂಡರು.

"ಸರ್, ಇನ್ನೂ ತೋರ್ಸಿಲ್ಲ ತಾನೆ?" ಖಾಲಾ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ನಿಮ್ಮ ವಿಷಯ ಎಲ್ಲಾ ಗೊತ್ತಾಗೈತೆ ನನಗೆ. ದಾವಣಗೆರೆಯಿಂದ ನಮ್ಮ ಬೀಗರು ಬಂದಿದ್ರು. ನೀವು ಆಸ್ಪತ್ರೆ ಬ್ರೋಕರ್ ಅಂತಲ್ಲ? ಬೆಡ್ ಕೊಡಿಸ್ತೀರಂತಲ್ಲ? ನಿಮ್ಮ ತಾಯಿಯೋರೇ ಮೀನಿನಂಗಡ್ಯಾಗೆ ಹೇಳ್ಯಾರಂತೆ!"

ಖಾಲಾ ಹಣೆ ಹಿಡಿದುಕೊಂಡಳು. "ಸರ್, ಅದು ಟೆಂಟು—"

"ಟೆಂಟೋ ಶಾಮಿಯಾನವೋ. ತಡ ಮಾಡ್ಸಿ ಮಾಡ್ಸಿ ನನ್ನ ವಸ್ತು ಯಾರಿಗೆ ಮಾರ್ಬೇಕು ಅಂತೀರಿ? ಅದಕ್ಕೇ ಎಲ್ರ ಮುಂದೆ ಇದು ನಂದು ಅಂತ ತೋರ್ಸಾಕೆ ಬಂದೀನಿ."

"ತಡ ಮಾಡಿದ್ದು ನೀವು! ಇನ್ನೊಂದಿಷ್ಟು ಸಾಯ್ಲಿ ಅಂದೋರು ಯಾರು?"

ಇದನ್ನು ಕೇಳಿ ಹಿಂದಿನ ಸಾಲಿನ ಇಬ್ಬರು ರೈತರು ಕುರ್ಚಿ ಸರಿಸಿಕೊಂಡು ಎರಡು ಸಾಲು ಹಿಂದೆ ಹೋದರು.

ಮೇಷ್ಟ್ರು ಸ್ವಲ್ಪ ಯೋಚಿಸಿದರು. "ಆತು. ಈಗ ಹಾಕ್ರಿ ಅರ್ಜಿ, ನನ್ನ ಒಪ್ಪಿಗೆ ಐತೆ. ನನ್ನ ಸರದಿ ಬರೋದ್ರೊಳಗೆ ಅರ್ಜಿ ನಂಬರ್ ಬಂದ್ರೆ ನಿಮ್ಮನ್ನ ನಂಬ್ತೀನಿ. ನನ್ನನ್ನ ಕರ್ದ್ರೋ, ನಾನು ಎದ್ದು ತೋರ್ಸೋನೇ. ಊರವ್ರಿಗೆ ಮಾತು ಕೊಟ್ಟೀನಿ."

ಸಭಾಭವನದೊಳಗೆ ನೆಟ್‌ವರ್ಕ್ ಒಂದು ಕಡ್ಡಿಯೂ ಇಲ್ಲ. ಹೊರಗೆ ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಸಿಗುತ್ತದೆ ಎಂದು ಯಾರೋ ಹೇಳಿದರು. ಖಾಲಾ ನನ್ನ ಎರಡೂ ಭುಜ ಹಿಡಿದಳು.

"ನಿನ್ನ ಬಾಯಿಂದ ಇವತ್ತೊಂದು ಉಪಯೋಗ ಆಗ್ಲಿ. ನಾನು ಒಳಗೆ ಬಂದು ಕೂಡೋ ತನಕ ಮೇಷ್ಟ್ರನ್ನ ಎದ್ದೇಳಾಕೆ ಬಿಡಬ್ಯಾಡ. ನಾನು ಕೂತೆ ಅಂದ್ರೆ ನಂಬರ್ ಬಂತು ಅಂತ. ಪಟ್ಟಿ ಬಗ್ಗೆ ಒಂದಕ್ಷರ ಬ್ಯಾಡ."

ನಾನು ನೇರವಾಗಿ ಹೆಗಲಿಗೆ ಟವೆಲ್ ಹಾಕಿ ಮೈಕ್ ಹಿಡಿದಿದ್ದವರ ಬಳಿ ಹೋದೆ. "ದಾವಣಗೆರೆಯಿಂದ ಬಂದೀನ್ರಿ. ಮೇಷ್ಟ್ರ ಪರಿಚಯ ಭಾಷಣ ನಂದೇ." ನಮ್ಮ ಕಡೆ ಅತಿಥಿಯ ಪರಿಚಯವಿಲ್ಲದೆ ಅತಿಥಿಯನ್ನು ಮಾತಾಡಲು ಬಿಟ್ಟರೆ ಅವಮಾನ. ಅವರು ತಕ್ಷಣ ಮೈಕ್ ಕೊಟ್ಟರು.

ಮೇಷ್ಟ್ರ ಬಗ್ಗೆ ನನಗೆ ಗೊತ್ತಿದ್ದುದು ಎರಡು ಸಂಗತಿ. ಜೀವಶಾಸ್ತ್ರ ಹೇಳುತ್ತಿದ್ದರು, ಫೋನನ್ನು ಅಕ್ಕಿಯಲ್ಲಿ ಹೂಳುತ್ತಾರೆ. ಎರಡನ್ನೂ ನನ್ನ ಕೈಲಾದಷ್ಟು ಎಳೆದೆ. ಆಮೇಲೆ ಅಕ್ಕಿ ಅನ್ನುವ ಪದ ಹಿಡಿದುಕೊಂಡು ಮಂಡಕ್ಕಿಗೆ ಇಳಿದೆ. ಭತ್ತ ನೆನೆಸುವುದು, ಬೇಯಿಸುವುದು, ಒಣಗಿಸುವುದು, ಕಾಗೆ ಓಡಿಸುವುದು, ಕಾಗೆಗಳಲ್ಲಿ ಎಷ್ಟು ಬಗೆ.

"ಏ ತಂಗೀ" ಎಂದು ಒಬ್ಬ ಅಜ್ಜ ಎದ್ದ. "ಭತ್ತ ಬೆಳ್ಯೋರಿಗೆ ಭತ್ತ ಒಣಗ್ಸೋದು ಹೇಳ್ತೀಯೇನು?"

"ಅಜ್ಜಾ, ನೀವು ಬೆಳೆದು ಕೈತೊಳ್ಕಂತೀರಿ. ಅದರ ಮುಂದಿನ ಕಷ್ಟ ನಿಮಗೇನು ಗೊತ್ತು? ನಮ್ಮ ಭಟ್ಟಿಯ ಬಿಸಿಗೆ ಹಲ್ಲಿ ಸಹ ಬೆವರ್ತಾವೆ!"

ಜನ ನಕ್ಕರು. ಮೇಷ್ಟ್ರು ನಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಹಾಕಿ, ತೆಗೆದು, ಮುಂದಕ್ಕೆ ಸರಿದು ಕೂತಿದ್ದರು. ಟವೆಲಿನವರು ಗಡಿಯಾರ ತೋರಿಸಿದರು. ನಾನು ಅದನ್ನು ಗಡಿಯಾರದ ಜಾಹೀರಾತು ಎನ್ನುವ ಹಾಗೆ ಮೆಚ್ಚುಗೆಯಿಂದ ನೋಡಿ ಮರಳು ಕಾಯಿಸುವುದಕ್ಕೆ ಬಂದೆ.

ಆಗ ಖಾಲಾ ಬಾಗಿಲಲ್ಲಿ ಕಂಡಳು. ಬಂದಳು, ಆದರೆ ಕೂಡಲಿಲ್ಲ. ಬಾಗಿಲಿಗೆ ಒರಗಿ ನಿಂತೇ ಇದ್ದಳು. ನಂಬರ್ ಬಂದಿಲ್ಲ ಎಂದುಕೊಂಡು ನಾನು ಮರಳನ್ನು ಮತ್ತೊಮ್ಮೆ ಮೊದಲಿನಿಂದ ಕಾಯಿಸಿದೆ. ಅವಳು ಕಣ್ಣು ಬಿಡುತ್ತಾಳೆ, ಕೈ ಆಡಿಸುತ್ತಾಳೆ, ‘ಮಾತು ಇನ್ನೂ ಎಳೆ’ ಅಂತಿದ್ದಾಳೆ ಎಂದು ನಾನು ತಿಳಿದು ಭಟ್ಟಿಗೆ ಮತ್ತಷ್ಟು ಭತ್ತದ ಹೊಟ್ಟು ಒಟ್ಟಿದೆ. ಮೇಷ್ಟ್ರು ಡಬ್ಬಿ ಹಿಡಿದು ಎದ್ದೇಬಿಟ್ಟರು. ಆಮೇಲೆ ಗೊತ್ತಾಗಿದ್ದು, ಕೂಡಲು ಅವಳಿಗೆ ಒಂದೂ ಕುರ್ಚಿ ಖಾಲಿ ಇರಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಒಬ್ಬ ಅಜ್ಜಿ, "ಯಾಕವ್ವಾ ಒದ್ದಾಡ್ತೀಯ, ಕೂಡು ಬಾ" ಎಂದು ಅವಳ ಸೆರಗು ಹಿಡಿದು ಎಳೆದಳು.

ಖಾಲಾ ಕೂತಳು.

"ಅಕ್ಕಿ ಬಿಸಿ ಮರಳಿಗೆ ಬಿದ್ದ ಕೂಡ್ಲೇ—" ಎನ್ನುತ್ತಿದ್ದ ನಾನು ಅಲ್ಲಿಗೇ ಮೈಕ್ ಇಟ್ಟು ಇಳಿದೆ.

"ಏ, ಆಮ್ಯಾಲೇನಾತು?" ಎಂದು ಕೂಗಿದವನು ಅದೇ ಅಜ್ಜ.

ಖಾಲಾ ಫೋನ್ ತೋರಿಸಿದಳು. ಮೇಷ್ಟ್ರು ಕನ್ನಡಕ ಹಾಕಿ, ತೆಗೆದು, ಒರೆಸಿ, ಆ ನಂಬರನ್ನು ಬೆರಳಿಟ್ಟು ಓದಿದರು. ಅದರ ಕೆಳಗೆ ಅವರ ಹೆಸರೇ ಇತ್ತು, ಖಾಲಾನದ್ದೋ ಯಾವ ಕಂಪನಿಯದ್ದೋ ಅಲ್ಲ. ಇನ್ನೊಮ್ಮೆ ಓದಿದರು. ಆಮೇಲೆ ವೇದಿಕೆ ಹತ್ತಿ ಡಬ್ಬಿ ತೆರೆದು, ಒಂದು ಸಸಿಯ ಎಲೆ ಅರೆದು ಪಟ್ಟಿ ಅದ್ದಿದರು. ಗೆರೆ ಮೂಡುವುದನ್ನು ನೋಡಲು ಹಿಂದಿನ ಸಾಲಿನವರು ಕುರ್ಚಿ ಹತ್ತಿದರು. ಮೂಡಿದ ಮೇಲೆ ಹಿಂದಿನಿಂದ ಒಂದು ಹೆಂಗಸಿನ ದನಿ: "ಎರಡು ಗೆರೆ ಬಂದ್ವಲ್ಲ! ಭತ್ತ ಬಸ್ರೇನ್ರಿ ಮೇಷ್ಟ್ರೇ?"

ಮೇಷ್ಟ್ರು ನಮ್ಮನ್ನು ಬಸ್ಸಿನವರೆಗೆ ಬಿಡಲು ಬಂದರು. ಬಸ್ಸು ಹೊರಡುವಾಗ ಕಿಟಕಿಯ ಬಳಿ ಬಗ್ಗಿ, "ನಿಮ್ಮ ಮ್ಯಾಲೆ ಸಂಶಯ ಪಟ್ಟೆ, ಮನಸಿಗೆ ಹಚ್ಕಬ್ಯಾಡ್ರಿ" ಎಂದರು. ಆಮೇಲೆ ದನಿ ತಗ್ಗಿಸಿ, "ಅದಿರ್ಲಿ, ನನ್ನ ಮೊಣಕಾಲೊಂದು ಭಾಳ ನೋಯ್ತೈತೆ. ಬೆಡ್ಡು ಏನಾದ್ರೂ..."

ಮನೆಗೆ ಬಂದಾಗ ನಾನಿ ಬಾಗಿಲಲ್ಲೇ ಕೂತಿದ್ದಳು. ಪಕ್ಕದಲ್ಲಿ ಎಕ್ಸ್‌ರೇ ಹಿಡಿದ ಇಬ್ಬರು. ಅಮ್ಮಿ ಒಳಗಿನಿಂದ ಖಾಲಾನ ಮುಖವನ್ನೇ ನೋಡುತ್ತಿದ್ದಳು. ಟ್ರಂಕಿನ ಬೀಗದ ಕೈ ಅವಳ ಕೈಯಲ್ಲಿತ್ತು.

"ಕೋಟ್ ತೆಗೀಬ್ಯಾಡ ಅಕ್ಕಾ" ಎಂದಳು ಖಾಲಾ. "ಮೊದಲ್ನೇದು ಒಳಗೆ ಹೋತು."

"ಉಳೀತಾ?" ಎಂದಳು ನಾನಿ, ಚೆನ್ನಾಗಿರುವ ಕಿವಿ ಮುಂದೆ ಮಾಡಿ.

"ಈಗ್ಲೇ ಹೇಳಾಕಾಗಲ್ಲ ಅಮ್ಮೀ. ಅವರು ಪರೀಕ್ಷೆ ಮಾಡ್ಬೇಕು, ಪ್ರಶ್ನೆ ಕೇಳ್ತಾರೆ, ನಾನ್ ಉತ್ತರ ಕೊಡ್ಬೇಕು. ವರ್ಷಗಟ್ಲೆ ಹಿಡಿತೈತೆ."

"ಹಂಗಾರೆ ಇನ್ನೂ ಐಸಿಯುದಾಗೈತೆ."

ಖಾಲಾ ಬಾಯಿ ತೆರೆದಳು. ಟೆಂಟು ಎನ್ನಲಿಕ್ಕೆ ಎಂದು ನನಗೆ ಅನುಮಾನ. ಎಕ್ಸ್‌ರೇಯವರನ್ನು ನೋಡಿದಳು, ನನ್ನನ್ನು ನೋಡಿದಳು, ಚಪ್ಪಲಿ ಬಿಚ್ಚಿ ನಾನಿಯ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು.

"ಹೂಂ ಅಮ್ಮೀ, ಐಸಿಯುದಾಗೈತೆ."

"ಏನೂ ಆಗಲ್ಲ, ನೀನ್ ಅದೀಯಲ್ಲ" ಎಂದಳು ನಾನಿ. "ಈಗ ಎಲ್ರಿಗೂ ಹೇಳ್ಬೋದಾ?"

"ಈಗ ಯಾರಿಗೆ ಬೇಕಾದ್ರೂ ಹೇಳು."

ನಾನಿ ಎದ್ದು, ಸೆರಗು ತಲೆಗೆ ಸರಿಮಾಡಿಕೊಂಡು, ಓಣಿಯ ಕಡೆ ಹೊರಟಳು.